ಕಾರಂತರ ಪುಸ್ತಕ ಯಾವ ಕಪಾಟಿಗೆ?

ಡಿಗ್ರಿ ಮುಗಿಸಿ, ಕೆಲಸ ಸಿಗದೆ ಮನೆಯಲ್ಲಿ ಕೂತಿದ್ದ ದಿನಗಳವು. ನಮ್ಮೂರ ಗ್ರಂಥಾಲಯ ನೋಡಿಕೊಳ್ಳುವ ಅಕ್ಕ ಒಂದು ದಿನ ಕರೆದು, ‘ಮೊಬೈಲ್ ಒತ್ತಿಕೊಂಡು ಕೂರುವುದಕ್ಕಿಂತ ಈ ಪುಸ್ತಕಗಳನ್ನು ವಿಷಯ ನೋಡಿ ಜೋಡಿಸಿಕೊಡು ಮಾರಾಯ’ ಎಂದರು. ಸುಣ್ಣ ಬಳಿಯಲೆಂದು ಇಳಿಸಿದ್ದ ಪುಸ್ತಕಗಳೆಲ್ಲ ನೆಲದ ಮೇಲೆ ರಾಶಿ ಬಿದ್ದಿದ್ದವು. ಕಾದಂಬರಿಗೆ ಒಂದು ಕಪಾಟು, ಕಲೆಗೆ ಒಂದು, ವಿಜ್ಞಾನಕ್ಕೆ ಒಂದು, ಮಕ್ಕಳಿಗೆ ಒಂದು. ಕೆಲಸ ಸಲೀಸಾಗಿಯೇ ಸಾಗಿತ್ತು, ಶಿವರಾಮ ಕಾರಂತರ ಪುಸ್ತಕಗಳು ಕೈಗೆ ಬರುವವರೆಗೆ.

‘ಚೋಮನ ದುಡಿ’ ಕಾದಂಬರಿ ಕಪಾಟಿಗೆ ಹೋಯಿತು. ‘ಯಕ್ಷಗಾನ ಬಯಲಾಟ’ ಕಲೆಗೆ. ‘ಬಾಲ ಪ್ರಪಂಚ’ ಮಕ್ಕಳಿಗೆ, ‘ವಿಜ್ಞಾನ ಪ್ರಪಂಚ’ ವಿಜ್ಞಾನಕ್ಕೆ, ‘ಅಬೂವಿನಿಂದ ಬರಾಮಕ್ಕೆ’ ಪ್ರವಾಸಕ್ಕೆ, ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಆತ್ಮಕಥೆಗೆ. ಸಂಜೆಯ ಹೊತ್ತಿಗೆ ನೋಡಿದರೆ ಹೆಚ್ಚುಕಡಿಮೆ ಎಲ್ಲ ಕಪಾಟಿನಲ್ಲೂ ಒಬ್ಬರೇ ಕೂತಿದ್ದರು!

ನನಗೆ ಒಳಗೊಳಗೇ ಖುಷಿ. ಅದಕ್ಕೊಂದು ಕಾರಣವಿತ್ತು. ಅದೇ ತಿಂಗಳು ಒಂದು ಸಂದರ್ಶನದಲ್ಲಿ ನನ್ನ ಬಯೋಡೇಟಾ ನೋಡಿದವರು, ‘ಚೆಂಡೆ ಅಂತೀರಿ, ಫೋಟೊಗ್ರಫಿ ಅಂತೀರಿ, ಕತೆ ಬರೀತೀನಿ ಅಂತೀರಿ. ನಿಮ್ಮ ಲೈನ್ ಯಾವುದು?’ ಎಂದು ಕೇಳಿದ್ದರು. ಉತ್ತರ ಹೊಳೆದಿರಲಿಲ್ಲ. ಮನೆಗೆ ಬಂದರೆ ಅಪ್ಪನದ್ದೂ ಅದೇ ರಾಗ: ‘ಒಂದನ್ನು ಗಟ್ಟಿ ಹಿಡಿ.’ ಈಗ ಅಪ್ಪನ ಬಾಯಿ ಮುಚ್ಚಿಸಲು ಕಾರಂತರು ಸಿಕ್ಕಿದ್ದರು. 400ಕ್ಕೂ ಹೆಚ್ಚು ಪುಸ್ತಕ, ಅದರಲ್ಲಿ 40ಕ್ಕೂ ಮಿಕ್ಕಿ ಕಾದಂಬರಿ, ಜೊತೆಗೆ ನಾಟಕ, ಕುಣಿತ, ಸಿನಿಮಾ! ಹತ್ತು ಕೆಲಸಕ್ಕೆ ಕೈಹಾಕಿದವರು ಜ್ಞಾನಪೀಠಕ್ಕೇರಲಿಲ್ಲವೇ? ಅದೂ ನಮ್ಮ ಪಕ್ಕದ ಕೋಟದವರು.

ಈ ವಾದಕ್ಕೆ ಸಾಕ್ಷಿ ಹುಡುಕುವುದಕ್ಕೆಂದೇ ಒಂದೊಂದು ಕಪಾಟಿನಿಂದ ಒಂದೊಂದು ಪುಸ್ತಕ ಮನೆಗೆ ತಂದೆ. ಆಗಿದ್ದು ಬೇರೆಯೇ.

ಮೊದಲು ಓದಿದ್ದು 1933ರ ‘ಚೋಮನ ದುಡಿ’. ಸಿನಿಮಾ ನೋಡಿದ್ದರಿಂದ ಕತೆ ಗೊತ್ತೆಂದುಕೊಂಡಿದ್ದೆ. ಚೋಮ ಕೇಳುವುದು ತಾನೇ ಉತ್ತು ಬಿತ್ತಲು ಒಂದು ತುಂಡು ನೆಲ, ಅಷ್ಟೇ. ಕಾಡಿನಲ್ಲಿ ಸಿಕ್ಕ ಎತ್ತುಗಳು ಹಟ್ಟಿಯಲ್ಲಿವೆ, ದುಡಿಯುವ ತೋಳಿದೆ. ಅವನು ಹುಟ್ಟಿದ ಜಾತಿಗೆ ಬೇಸಾಯ ಸಲ್ಲದೆಂಬ ಕಟ್ಟಳೆ ಮಾತ್ರ ಅಡ್ಡ ನಿಂತಿದೆ. ಸಾಲ ತೀರಿಸಲು ಮಕ್ಕಳು ಕಾಫಿ ತೋಟಕ್ಕೆ ಹೋಗಬೇಕಾಗುತ್ತದೆ. ಕೆಲಸವಿಲ್ಲವೆಂದು ಗೊಣಗುತ್ತಿದ್ದ ನನಗೆ, ಇಷ್ಟಪಟ್ಟ ಕೆಲಸವನ್ನು ಮಾಡಲೇಬಾರದೆಂದು ಊರೇ ತಡೆಯುವುದೆಂದರೆ ಏನೆಂದು ಅಂದು ರಾತ್ರಿ ಅರ್ಥವಾಯಿತು.

‘ಮರಳಿ ಮಣ್ಣಿಗೆ’ಯಲ್ಲಿ ಮೂರು ತಲೆಮಾರು ಬರುತ್ತವೆ. ಕಡಲಿಗೂ ಹೊಳೆಗೂ ನಡುವಿನ ಕೋಡಿಯಲ್ಲಿ ಪಾರೋತಿ, ಸರಸೋತಿಯರು ದಿನವಿಡೀ ದುಡಿಯುವುದನ್ನು ಓದುತ್ತಿದ್ದರೆ ನಮ್ಮ ಬೆನ್ನೇ ನೋಯುತ್ತದೆ. ‘ಬೆಟ್ಟದ ಜೀವ’ದ ಗೋಪಾಲಯ್ಯ ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ತೋಟ ಮಾಡಿದವರು. ಮನೆಬಿಟ್ಟು ಹೋದ ಮಗನ ದಾರಿ ಕಾಯುತ್ತಲೇ ನಗುನಗುತ್ತ ಅತಿಥಿಗೆ ಉಪಚಾರ ಮಾಡುತ್ತಾರೆ. ಈ ಕಾದಂಬರಿಗಳಲ್ಲಿ ದುಡಿಮೆ ಕತೆಯ ಹಿಂದಿನ ಪರದೆಯಲ್ಲ, ಅದೇ ಕತೆ.

ಆಮೇಲೆ ಕಲೆಯ ಕಪಾಟು. ಕಾರಂತರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಕಾದಂಬರಿಗಲ್ಲ, ‘ಯಕ್ಷಗಾನ ಬಯಲಾಟ’ಕ್ಕೆ ಎಂಬುದು ನನಗೆ ಗೊತ್ತಿರಲಿಲ್ಲ. ಮನೆಯಲ್ಲಿ ಕೂತು ಬರೆದ ಪುಸ್ತಕವಲ್ಲ ಅದು. ಭಾಗವತರನ್ನು, ವೇಷಧಾರಿಗಳನ್ನು ಹುಡುಕಿಕೊಂಡು ಹೋಗಿ, ಕೇಳಿ, ನೋಡಿ ಬರೆದದ್ದು. ಬರೆದು ಸುಮ್ಮನಾಗಲೂ ಇಲ್ಲ. ಕಲಾವಿದರನ್ನು ಕಟ್ಟಿಕೊಂಡು ಹೊಸ ಬಗೆಯ ಪ್ರಯೋಗ ಮಾಡಿದರು, ತಾವೇ ಕುಣಿದರು, ತಂಡವನ್ನು ವಿದೇಶಕ್ಕೂ ಕರೆದೊಯ್ದರು. ಅವರ ಬದಲಾವಣೆಗಳನ್ನು ಒಪ್ಪದವರು ನಮ್ಮ ಕಡೆ ಇಂದಿಗೂ ಇದ್ದಾರೆ. ಆದರೆ ಅರ್ಧಕ್ಕೆ ಬಿಟ್ಟರು ಎಂದು ಯಾರೂ ಹೇಳಲಾರರು.

ಅಲ್ಲಿಗೆ ನನ್ನ ವಾದ ಕುಸಿಯಿತು. ನಾನು ಚೆಂಡೆ ಕಲಿತದ್ದು ಎರಡು ತಿಂಗಳು. ಕ್ಯಾಮೆರಾ ಅಟ್ಟದ ಮೇಲಿದೆ. ಬರೆದ ಕತೆಗಳಲ್ಲಿ ಒಂದಕ್ಕೂ ಕೊನೆಯಿಲ್ಲ. ಕಾರಂತರು ಹತ್ತು ಕೆಲಸ ಹಿಡಿದರು, ನಿಜ. ಆದರೆ ಪ್ರತಿಯೊಂದನ್ನೂ ಅಪ್ಪ ಹೇಳುವಂತೆ ‘ಗಟ್ಟಿ’ ಹಿಡಿದರು. ಮಕ್ಕಳಿಗೆ ಲೋಕಜ್ಞಾನ ಕೊಡಬೇಕೆನಿಸಿದಾಗ ಒಂದು ಲೇಖನ ಬರೆದು ಬಿಡಲಿಲ್ಲ, ‘ಬಾಲ ಪ್ರಪಂಚ’ದ ಮೂರು ಸಂಪುಟ ತಂದರು. ದೊಡ್ಡವರಿಗೂ ಬೇಕೆನಿಸಿದಾಗ ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟ.

ಗೆದ್ದದ್ದಷ್ಟೇ ಅಲ್ಲ, ಸೋತದ್ದೂ ಇದೆ. ಅವರು ತೆಗೆದ ಮೂಕಿ ಚಿತ್ರಗಳು ಕೈಹಿಡಿಯಲಿಲ್ಲ. ಕೈಗಾ ಅಣುಸ್ಥಾವರವನ್ನು ವಿರೋಧಿಸುತ್ತ 1989ರ ಲೋಕಸಭಾ ಚುನಾವಣೆಗೆ ನಿಂತು ಸೋತರು. ಆಗ ಅವರಿಗೆ 87 ವರ್ಷ! ನಾನಾದರೋ ಸೋಲುವ ಮೊದಲೇ ಇನ್ನೊಂದಕ್ಕೆ ಹಾರಿರುತ್ತಿದ್ದೆ.

ಕೊನೆಗೆ ಓದಿದ್ದು ‘ಮೂಕಜ್ಜಿಯ ಕನಸುಗಳು’. ಹಳೆಯ ವಸ್ತುವೊಂದನ್ನು ಕೈಗೆ ಕೊಟ್ಟರೆ ಅಜ್ಜಿಗೆ ಅದರ ಹಿಂದಿನ ಕಾಲವೆಲ್ಲ ಕಾಣುತ್ತದೆ, ಮೊಮ್ಮಗ ಸುಬ್ರಾಯ ಕೂತು ಕೇಳುತ್ತಾನೆ. ಓದುತ್ತಿದ್ದಂತೆ ನನ್ನದೇ ಒಂದು ನೋಟ್‌ಬುಕ್ ನೆನಪಾಯಿತು. ಪಿಯುಸಿಯಲ್ಲಿದ್ದಾಗ ನಮ್ಮಜ್ಜಿಯನ್ನು ಕೇಳಿ, ಮನೆಯ ಹಳೆಯ ಸಾಮಾನುಗಳ ಹೆಸರು, ಅವುಗಳ ಬಳಕೆ ಬರೆಯಲು ಶುರುಮಾಡಿದ್ದೆ. ಅದೂ 18ನೇ ಪುಟಕ್ಕೆ ನಿಂತಿತ್ತು. ಪುಸ್ತಕ ಮುಚ್ಚಿ ಅಟ್ಟ ಹತ್ತಿದೆ. ಕ್ಯಾಮೆರಾದ ಪಕ್ಕದಲ್ಲೇ ನೋಟ್‌ಬುಕ್ಕೂ ಇತ್ತು.

ಅಜ್ಜಿಗೀಗ 84. ನನ್ನನ್ನು ಒಮ್ಮೊಮ್ಮೆ ಚಿಕ್ಕಪ್ಪನ ಹೆಸರು ಹಿಡಿದು ಕರೆಯುತ್ತಾರೆ. ಆದರೆ ಹಳೆಯ ಗೊರಬು ತಂದು ಕೈಗಿತ್ತರೆ ನಟ್ಟಿಯ ಮಳೆ, ಗದ್ದೆಯಲ್ಲಿ ಜೊತೆಗಿದ್ದವರ ಹೆಸರು, ಅಂದಿನ ಗಂಜಿ ಊಟ ಎಲ್ಲ ಬರುತ್ತವೆ. ‘ಎಂತಕ್ ಮಗಾ ಇದೆಲ್ಲ?’ ಎಂದು ಕೇಳುತ್ತಲೇ ಹೇಳುತ್ತಾರೆ. ಐದು ವರ್ಷ ಬಿಟ್ಟದ್ದರಿಂದ ಕೆಲವು ಹೆಸರುಗಳು ಕೈತಪ್ಪಿ ಹೋದವು. ಏತದ ಒಂದೊಂದು ಭಾಗಕ್ಕೂ ಒಂದೊಂದು ಹೆಸರಿತ್ತೆಂದು ಅಜ್ಜಿಗೆ ನೆನಪಿದೆ, ಹೆಸರು ನೆನಪಿಲ್ಲ. ಅಂದು 19ನೇ ಪುಟ ಬರೆದಿದ್ದರೆ ಸಿಗುತ್ತಿತ್ತು.

ಕೆಲಸ ಈಗ ಸಿಕ್ಕಿದೆ, ಉಡುಪಿಯಲ್ಲಿ ಒಂದು ಅಂಗಡಿಯ ಲೆಕ್ಕ ಬರೆಯುವುದು. ನನ್ನ ಲೈನ್ ಯಾವುದೆಂದು ಕೇಳಿದರೆ ಇಂದಿಗೂ ಉತ್ತರವಿಲ್ಲ. ಭಾನುವಾರ ಮಾತ್ರ ಎಲ್ಲಿಗೂ ಹೋಗುವುದಿಲ್ಲ, ಅಜ್ಜಿಯ ಪಕ್ಕ ಕೂರುತ್ತೇನೆ. ನೋಟ್‌ಬುಕ್ 61ನೇ ಪುಟದಲ್ಲಿದೆ.