ಲೇಖನಿಯಿಂದ ನಿರ್ಮಾಣಕ್ಕೆ: ಜಿ.ವಿ. ಅಯ್ಯರ್

1954ರಲ್ಲಿ ನಟ ರಾಜಕುಮಾರರನ್ನು ನಾಯಕನಾಗಿಸಿದ ‘ಬೇಡರ ಕಣ್ಣಪ್ಪ’ ಚಿತ್ರದ ಬರವಣಿಗೆ ಯಾರದೆಂದು ಕೇಳುವವರು ವಿರಳ. ನಂಜನಗೂಡಿನಲ್ಲಿ 1917ರಲ್ಲಿ ಜನಿಸಿ, ಬಾಲ್ಯದಲ್ಲಿಯೇ ಗುಬ್ಬಿ ವೀರಣ್ಣನವರ ನಾಟಕ ಕಂಪನಿಯನ್ನು ಸೇರಿ, ರಂಗದ ಮಾತಿನ ವರಸೆಯನ್ನು ಅಲ್ಲಿಯೇ ಕರಗತಮಾಡಿಕೊಂಡ ಜಿ.ವಿ. ಅಯ್ಯರರೇ ಆ ಲೇಖಕರು. ಮುಂದೆ ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು ಇವರೊಡಗೂಡಿ ಕಲಾವಿದರದೇ ಸಂಘವೊಂದನ್ನು ಕಟ್ಟಿ, 1960ರಲ್ಲಿ ‘ರಣಧೀರ ಕಂಠೀರವ’ ಚಿತ್ರವನ್ನು ನಿರ್ಮಿಸಿದರು. ಸಂಭಾವನೆಗಾಗಿ ಬಣ್ಣ ಹಚ್ಚುತ್ತಿದ್ದವರು ಬಂಡವಾಳದ ಹೊಣೆಯನ್ನೂ ಹೊತ್ತ ಈ ಸಾಹಸವು, ನನ್ನ ಮಟ್ಟಿಗೆ, ಅಯ್ಯರರಿಗೆ ತರುವಾಯ ಸಂದ ಪ್ರಶಸ್ತಿಗಳಿಗಿಂತ ಹಿರಿದು. ಕಾಲಾಂತರದಲ್ಲಿ ಪಾದರಕ್ಷೆಯನ್ನೇ ತ್ಯಜಿಸಿ ಬರಿಗಾಲಿನಲ್ಲಿ ಸಂಚರಿಸಿದ ಅಯ್ಯರರು, ‘ಹಂಸಗೀತೆ’ ಚಿತ್ರದ ಬಳಿಕ, 1983ರಲ್ಲಿ ಸಂಸ್ಕೃತದ ಪ್ರಥಮ ಕಥಾಚಿತ್ರವಾದ ‘ಆದಿ ಶಂಕರಾಚಾರ್ಯ’ವನ್ನು ನಿರ್ದೇಶಿಸಿದರು.