‘ಏರು’ ಮತ್ತು ‘ಏರಿಸು’: ಒಂದು ಇಂಗ್ಲಿಷ್ ಕ್ರಿಯಾಪದದ ವಿಚಾರ

ಭಾಷೆಯ ಪಾಠವೇ ಬೇರೆ, ವಿಜ್ಞಾನದ ಪಾಠವೇ ಬೇರೆ ಎಂದು ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಭಾವಿಸಿರುವುದುಂಟು. ಆದರೆ ಒಂದು ಕ್ರಿಯಾಪದವನ್ನು ಸರಿಯಾಗಿ ತಿಳಿಯಬೇಕಾದರೆ ಕೆಲವೊಮ್ಮೆ ಭೌತಶಾಸ್ತ್ರವನ್ನೇ ಆಶ್ರಯಿಸಬೇಕಾಗುತ್ತದೆ. ಹಾಗೆಯೇ ಭೌತಶಾಸ್ತ್ರದ ಒಂದು ತತ್ತ್ವ ಮನಸ್ಸಿಗೆ ಹತ್ತಬೇಕಾದರೆ ವ್ಯಾಕರಣವೂ ನೆರವಾಗುತ್ತದೆ. ಇಂಗ್ಲಿಷಿನ ‘ರೈಜ್’ ಎಂಬ ಪದ ಇದಕ್ಕೆ ಒಳ್ಳೆಯ ನಿದರ್ಶನ. ಇದು ಅನ್ನದ ‘ರೈಸ್’ ಅಲ್ಲ. ಮೇಲಕ್ಕೆ ಹೋಗು, ಏರು, ಏಳು ಎಂಬ ಅರ್ಥದ ಕ್ರಿಯಾಪದ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಸೀಮೆಯಲ್ಲಿ ಈ ಪದದ ಅರ್ಥವನ್ನು ಅರಿಯುವುದು ಪರೀಕ್ಷೆಯ ಅಂಕಗಳಿಗಷ್ಟೇ ಸಂಬಂಧಿಸಿದ ವಿಷಯವಲ್ಲ. ನೀರಿನ ಲೆಕ್ಕವೂ ಅದರಲ್ಲಿ ಅಡಗಿದೆ.

ಮೊದಲು ಪದದ ವ್ಯಾಪ್ತಿಯನ್ನು ನೋಡೋಣ. ಸೂರ್ಯನು ‘ರೈಜ್’ ಆಗುತ್ತಾನೆ. ನಾವು ಮೂಡುತ್ತಾನೆ, ಹುಟ್ಟುತ್ತಾನೆ ಎನ್ನುತ್ತೇವೆ. ಮಲಗಿದವನು, ಕುಳಿತವನು ‘ರೈಜ್’ ಆಗುತ್ತಾನೆ. ನಾವು ಏಳುತ್ತಾನೆ ಎನ್ನುತ್ತೇವೆ. ಪ್ರಜೆಗಳು ‘ರೈಜ್’ ಆದರೆ ದಂಗೆ ಏಳುತ್ತಾರೆ. ಹುಳಿ ಬಂದ ಹಿಟ್ಟು ಉಬ್ಬುತ್ತದೆ, ಬೆಲೆ ಏರುತ್ತದೆ, ಜ್ವರ ಏರುತ್ತದೆ, ಕೆರೆಯ ನೀರಿನ ಮಟ್ಟವೂ ಏರುತ್ತದೆ. ಇವೆಲ್ಲಕ್ಕೂ ಇಂಗ್ಲಿಷಿನಲ್ಲಿ ಅದೊಂದೇ ಪದ. ಅದು ನಾಮಪದವೂ ಆಗುತ್ತದೆ. ಮೆಟ್ಟಿಲಿನ ಒಂದು ಹಂತದ ಎತ್ತರಕ್ಕೆ ಶಿಲ್ಪಿಗಳು ‘ರೈಜ್’ ಎನ್ನುತ್ತಾರೆ. ಇಂಗ್ಲೆಂಡಿನ ನೌಕರನಿಗೆ ಅದೇ ಪದ ಸಂಬಳದ ಬಡ್ತಿ.

ಎರಡು ಪ್ರಯೋಗಗಳು ಮಾತ್ರ ಅಜಾಗರೂಕನಾದ ಭಾಷಾಂತರಕಾರನನ್ನು ತಪ್ಪುದಾರಿಗೆ ಎಳೆಯುತ್ತವೆ. ಶಾಸನಸಭೆಯು ಸಂಜೆ ಆರು ಗಂಟೆಗೆ ‘ರೋಸ್’ ಎಂದು ಪತ್ರಿಕೆಯಲ್ಲಿ ಓದಿದರೆ, ಸದಸ್ಯರೆಲ್ಲ ಪ್ರತಿಭಟಿಸಿ ಎದ್ದುನಿಂತರೆಂದಲ್ಲ, ಅಂದಿನ ಕಲಾಪ ಮುಗಿಯಿತೆಂದು ಅರ್ಥ. ಎರಡನೆಯದು ಭೂಗೋಳದ ಪುಸ್ತಕದ್ದು. ವೇದಾ ಮತ್ತು ಅವತಿ ನದಿಗಳು ಬಾಬಾ ಬುಡನ್ ಗಿರಿಶ್ರೇಣಿಯಲ್ಲಿ ‘ರೈಜ್’ ಆಗಿ, ಕೂಡಿ ವೇದಾವತಿಯೆನಿಸಿ ಹಿರಿಯೂರಿನತ್ತ ಹರಿಯುತ್ತವೆ ಎಂದು ಅಲ್ಲಿ ಬರೆದಿರುತ್ತಾರೆ. ನದಿ ಗಿರಿಯನ್ನು ಏರುವುದೆಲ್ಲಿಂದ ಬಂತು? ಇಲ್ಲಿ ಆ ಪದಕ್ಕೆ ಹುಟ್ಟು, ಉಗಮ ಹೊಂದು ಎಂದರ್ಥ. ಸೂರ್ಯನಿಗೂ ನದಿಗೂ ಕನ್ನಡವು ‘ಹುಟ್ಟು’ ಎಂಬ ಒಂದೇ ಮಾತನ್ನು ಬಳಸುವುದನ್ನು ನೆನೆದರೆ ಈ ಅರ್ಥ ನಮಗೆ ಪರಕೀಯವೆನಿಸದು.

ಕನ್ನಡದಲ್ಲಿಯೂ ಈ ಕ್ರಿಯೆಯ ಸಂತತಿ ದೊಡ್ಡದು. ‘ಏರು’ ಎಂಬುದರಿಂದ ಕೆರೆಯ ‘ಏರಿ’ ಬಂದಿದೆ. ‘ಏಳು’ ಎಂಬುದರಿಂದ ‘ಏಳ್ಗೆ’ ಬಂದಿದೆ. ಕುದುರೆಯನ್ನು ಏರುತ್ತೇವೆ, ಗದ್ದುಗೆಯನ್ನು ಏರುತ್ತೇವೆ. ವಿಷವೂ ಏರುತ್ತದೆ, ಮದವೂ ಏರುತ್ತದೆ.

ಇಂಗ್ಲಿಷಿನಲ್ಲಿ ‘ರೈಜ್’ ಪದಕ್ಕೆ ‘ರೇಯ್ಜ್’ ಎಂಬ ಜೊತೆಯೊಂದಿದೆ. ಮೊದಲನೆಯದು ಅಕರ್ಮಕ, ಎರಡನೆಯದು ಸಕರ್ಮಕ. ಮೊದಲನೆಯದರ ರೂಪಗಳು ರೈಜ್, ರೋಸ್, ರಿಸನ್ ಎಂದು ಬದಲಾಗುತ್ತವೆ; ಎರಡನೆಯದರ ಭೂತಕಾಲ ‘ರೇಯ್ಜ್ಡ್’ ಎಂದಷ್ಟೆ. ‘ರೈಜ್’ ಎಂಬುದು ಹಳೆಯ ಇಂಗ್ಲಿಷಿನ ಸ್ವಂತ ಪದ; ‘ರೇಯ್ಜ್’ ಎಂಬುದು ಉತ್ತರ ಯೂರೋಪಿನ ನಾರ್ಸ್ ಭಾಷೆಯಿಂದ ಬಂದದ್ದು. ಎರಡಕ್ಕೂ ಮೂಲ ಒಂದೇ. ಕನ್ನಡದಲ್ಲಿ ಈ ಭೇದ ಇನ್ನೂ ಸ್ಪಷ್ಟ: ಏರು, ಏರಿಸು, ಏಳು, ಎಬ್ಬಿಸು. ‘ಎತ್ತು’ ಎಂಬ ಮಾತೂ ‘ರೇಯ್ಜ್’ ಪದದ ಹಲವು ಕೆಲಸಗಳನ್ನು ಮಾಡುತ್ತದೆ. ಪ್ರಶ್ನೆ ಎತ್ತುವುದು, ಸಾಲ ಎತ್ತುವುದು, ಚಂದಾ ಎತ್ತುವುದು, ದನಿ ಎತ್ತುವುದು, ಇವೆಲ್ಲಕ್ಕೂ ಇಂಗ್ಲಿಷಿನವರು ‘ರೇಯ್ಜ್’ ಪದವನ್ನೇ ಹೇಳುತ್ತಾರೆ.

ವಿಜ್ಞಾನದ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ‘ಏರಿತು’ ಎಂದಾಗ ಏರಿದ ವಸ್ತುವಷ್ಟೇ ಕಾಣುತ್ತದೆ. ‘ಏರಿಸಿತು’ ಎಂದಾಗ ಏರಿಸಿದ ಕರ್ತೃವನ್ನೂ ಹೇಳಬೇಕಾಗುತ್ತದೆ. ಭೂಮಿಯ ಆಕರ್ಷಣೆಗೆ ಒಳಪಟ್ಟ ವಸ್ತುವು ನಿಶ್ಚಲಸ್ಥಿತಿಯಿಂದ ತನ್ನಷ್ಟಕ್ಕೆ ತಾನೇ ಮೇಲಕ್ಕೆ ಹೋಗಲಾರದು; ಯಾವುದೋ ಒಂದು ಅದನ್ನು ತಳ್ಳಬೇಕು, ಇಲ್ಲವೇ ಎಳೆಯಬೇಕು. ಆದ್ದರಿಂದ ವ್ಯಾಕರಣದಲ್ಲಿ ಅಕರ್ಮಕವಾಗಿರುವ ಎಷ್ಟೋ ‘ಏರು’ಗಳು ಪ್ರಕೃತಿಯಲ್ಲಿ ‘ಏರಿಸು’ಗಳೇ ಆಗಿವೆ. ಕೆಲವನ್ನು ಪರೀಕ್ಷಿಸೋಣ.

ಬಿಸಿಗಾಳಿ ಏರುತ್ತದೆ ಎಂದು ಪಾಠಪುಸ್ತಕ ಹೇಳುತ್ತದೆ. ನಿಜವಾಗಿ ನೋಡಿದರೆ ಸುತ್ತಲಿನ ತಣ್ಣನೆಯ, ಹೆಚ್ಚು ಸಾಂದ್ರವಾದ ಗಾಳಿ ಕೆಳಗೆ ನುಗ್ಗಿ ಅದನ್ನು ಮೇಲಕ್ಕೆ ನೂಕುತ್ತದೆ. ಬೇಸಗೆಯ ಮಧ್ಯಾಹ್ನ ದುರ್ಗದ ಕಾದ ಬಂಡೆಗಳ ಮೇಲೆ ಹದ್ದು ರೆಕ್ಕೆ ಬಡಿಯದೆ ಸುತ್ತುತ್ತ ಮೇಲೇರುವುದು ಇಂಥ ಗಾಳಿಯ ಬಲದಿಂದ. ಕೋತಿ ಕೋಟೆಯ ಗೋಡೆಯನ್ನು ಹತ್ತುತ್ತದೆ, ತನ್ನ ಸ್ನಾಯುಗಳ ಶಕ್ತಿಯನ್ನು ವ್ಯಯಿಸುತ್ತದೆ; ಇಂಗ್ಲಿಷಿನವರು ಅದಕ್ಕೆ ‘ಕ್ಲೈಂಬ್’ ಎಂಬ ಬೇರೆ ಪದವನ್ನೇ ಇಟ್ಟಿದ್ದಾರೆ. ಹದ್ದಾದರೋ ಬಹುಮಟ್ಟಿಗೆ ಏರಿಸಲ್ಪಡುತ್ತದೆ.

ಮುಂಗಾರಿನ ಗಾಳಿಯ ವಿಷಯವೂ ಹೀಗೆಯೇ. ಅರಬ್ಬೀ ಸಮುದ್ರದಿಂದ ಬರುವ ತೇವದ ಗಾಳಿಯನ್ನು ಪಶ್ಚಿಮ ಘಟ್ಟಗಳು ಅಡ್ಡಗಟ್ಟಿ ಮೇಲೇರಿಸುತ್ತವೆ. ಮೇಲೆ ವಾಯುಭಾರ ಕಡಿಮೆ. ಗಾಳಿ ಹಿಗ್ಗುತ್ತದೆ, ಹಿಗ್ಗಿ ತಣ್ಣಗಾಗುತ್ತದೆ. ಒಣಗಾಳಿಯಾದರೆ ಒಂದು ಕಿಲೋಮೀಟರು ಏರುವಷ್ಟರಲ್ಲಿ ಅದರ ಉಷ್ಣತೆ ಸುಮಾರು 10 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ತೇವವು ಹನಿಗಟ್ಟಿ ಮಳೆಯಾಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮೀರಿ ಮಳೆ ಬೀಳುವುದು ಇದರಿಂದಲೇ. ಘಟ್ಟ ದಾಟಿದ ಗಾಳಿ ತೇವವನ್ನು ಕಳೆದುಕೊಂಡಿರುತ್ತದೆ, ಕೆಳಗಿಳಿಯುತ್ತ ಬೆಚ್ಚಗಾಗುತ್ತದೆ. ಚಿತ್ರದುರ್ಗ ಈ ಮಳೆಯ ನೆರಳಿನಲ್ಲಿದೆ. ಅಲ್ಲಿ ಗಾಳಿ ಏರಿದ್ದರಿಂದ ಇಲ್ಲಿ ಮಳೆ ಇಳಿಯದಾಯಿತು. ಇಲ್ಲಿನ ಬೆಟ್ಟಸಾಲುಗಳ ಮೇಲೆ ನಿಂತಿರುವ ಗಾಳಿಯಂತ್ರಗಳು ಬೀಸುಗಾಳಿಯಿಂದ ವಿದ್ಯುತ್ತನ್ನು ಪಡೆಯುತ್ತವೆ. ಮಳೆಯನ್ನು ಮಾತ್ರ ಅವು ತರಲಾರವು.

ಹೊಸದುರ್ಗದ ತೆಂಗಿನ ತೋಟಕ್ಕೋ ಹೊಳಲ್ಕೆರೆಯ ಅಡಕೆಯ ತೋಟಕ್ಕೋ ಹೋದರೆ ಇನ್ನೊಂದು ಏರುವಿಕೆ ಕಣ್ಣಿಗೆ ಕಾಣದೆ ನಡೆದಿರುತ್ತದೆ. ಬೇರಿನ ನೀರು ಹತ್ತಾರು ಮೀಟರು ಎತ್ತರದ ಗರಿಗೆ ಹೇಗೆ ಮುಟ್ಟುತ್ತದೆ? 1894ರಲ್ಲಿ ಐರ್ಲೆಂಡಿನಲ್ಲಿ ಡಿಕ್ಸನ್ ಮತ್ತು ಜಾಲಿ ಎಂಬ ವಿಜ್ಞಾನಿಗಳು ಇದಕ್ಕೆ ಉತ್ತರ ಸೂಚಿಸಿದರು. ಬಿಸಿಲಿಗೆ ಎಲೆಯಿಂದ ನೀರು ಆವಿಯಾಗುತ್ತದೆ; ನೀರಿನ ಕಣಗಳು ಒಂದನ್ನೊಂದು ಬಿಗಿಯಾಗಿ ಹಿಡಿದಿರುವುದರಿಂದ, ಮೇಲಿನ ಕಣ ಹೋದಂತೆ ಕೆಳಗಿನದು ಸೆಳೆಯಲ್ಪಡುತ್ತದೆ. ಸೂಕ್ಷ್ಮ ನಾಳಗಳಲ್ಲಿ ನೀರಿನ ಎಳೆ ಹಗ್ಗದಂತೆ ಮೇಲೆ ಬರುತ್ತದೆ. ಇಲ್ಲಿ ಏರಿಸುವವನು ಸೂರ್ಯ.

ಆದರೆ ಕೊಳವೆಯ ಬಾಯಲ್ಲಿ ಹೀರುವ ಪಂಪು ತೆಂಗಿನ ಮರದಷ್ಟು ಸಮರ್ಥವಲ್ಲ. ಪಂಪು ‘ಹೀರುತ್ತದೆ’ ಎಂಬುದೂ ತೋರಿಕೆಯ ಮಾತೇ. ಅದು ಕೊಳವೆಯೊಳಗಿನ ಒತ್ತಡವನ್ನು ತಗ್ಗಿಸುತ್ತದೆ. ಹೊರಗಿನ ವಾಯುಭಾರ ನೀರನ್ನು ಮೇಲಕ್ಕೆ ನೂಕುತ್ತದೆ. 1643ರಲ್ಲಿ ಟಾರಿಚೆಲ್ಲಿಯು ಪಾದರಸದ ಪ್ರಯೋಗದಿಂದ ಈ ತತ್ತ್ವವನ್ನು ಸ್ಥಾಪಿಸಿದ. ಸಮುದ್ರಮಟ್ಟದಲ್ಲಿ ವಾಯುಭಾರವು ನೀರನ್ನು ಸುಮಾರು 10.3 ಮೀಟರು ಮಾತ್ರ ಏರಿಸಬಲ್ಲುದು. ಸಮುದ್ರಮಟ್ಟದಿಂದ ಸುಮಾರು 730 ಮೀಟರು ಎತ್ತರದಲ್ಲಿರುವ ಚಿತ್ರದುರ್ಗದಲ್ಲಿ ಗಾಳಿ ವಿರಳ. ಲೆಕ್ಕ ಹಾಕಿದರೆ ಮಿತಿ ಸುಮಾರು 9.5 ಮೀಟರಿಗೆ ಇಳಿಯುತ್ತದೆ. ನೂರಾರು ಅಡಿ ಆಳದ ಕೊಳವೆಬಾವಿಯಲ್ಲಿ ಪಂಪನ್ನೇ ನೀರಿನೊಳಗೆ ಇಳಿಸಿ ಕೆಳಗಿನಿಂದ ನೂಕಿಸುವುದು ಈ ಕಾರಣಕ್ಕಾಗಿ.

ಹಿಂದಿನವರು ಈ ವಿಷಯದಲ್ಲಿ ಜಾಣರು. ಚಿತ್ರದುರ್ಗದ ಏಳು ಸುತ್ತಿನ ಕೋಟೆಯಲ್ಲಿ ಬಂಡೆಗಳ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡವನ್ನು ತುಂಬಿ, ಅಕ್ಕ-ತಂಗಿಯರ ಹೊಂಡಕ್ಕೆ ಹರಿದು, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ, ಸಂತೆಹೊಂಡಗಳತ್ತ ಇಳಿಯುತ್ತಿತ್ತು. ಮೋಡವಾಗಿ ಸೂರ್ಯನು ಏರಿಸಿಕೊಟ್ಟ ನೀರನ್ನು ಅವರು ಎತ್ತರದಲ್ಲಿಯೇ ಹಿಡಿದು ಇಳಿಸಿಕೊಂಡರು. ಬಯಲಿನ ಬಾವಿಗಳಲ್ಲಿ ಏತವಿತ್ತು, ಕಪಿಲೆಯಿತ್ತು. ಕಪಿಲೆಯಲ್ಲಿ ಎತ್ತುಗಳು ಇಳಿಜಾರಿನಲ್ಲಿ ಕೆಳಕ್ಕೆ ನಡೆಯುವಾಗ ತೊಗಲಿನ ಬಾನಿ ಮೇಲಕ್ಕೆ ಬರುತ್ತಿತ್ತು; ಎತ್ತಿನ ತೂಕವೂ ನೀರನ್ನು ಎತ್ತಲು ನೆರವಾಗುತ್ತಿತ್ತು.

ಇನ್ನು ವಾಣಿವಿಲಾಸ ಸಾಗರ. ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ ವೇದಾವತಿಗೆ ಕಟ್ಟಿದ ಈ ಅಣೆಕಟ್ಟು 1907ರಲ್ಲಿ ಪೂರ್ಣವಾಯಿತು. ಸುಮಾರು 30 ಟಿ.ಎಂ.ಸಿ. ನೀರು ಹಿಡಿಯುವ ಈ ಜಲಾಶಯ 1933ರಲ್ಲಿ ಕೋಡಿ ಬಿದ್ದಿತು. ಮತ್ತೆ ಕೋಡಿ ಬೀಳಲು 2022ರ ವರೆಗೆ, ಎಂಬತ್ತೊಂಬತ್ತು ವರ್ಷ, ಕಾಯಬೇಕಾಯಿತು. 2025ರ ಜನವರಿಯಲ್ಲಿ ಮತ್ತೊಮ್ಮೆ ತುಂಬಿ ಹರಿಯಿತು. ನೀರಿನ ಮಟ್ಟ ‘ಏರಿತು’ ಎಂದು ಎಲ್ಲರೂ ಹರ್ಷಿಸಿದರು. ಆದರೆ ಒಂದೊಂದು ಹನಿಯೂ ಅಲ್ಲಿಗೆ ಬಂದದ್ದು ಇಳಿದೇ, ಏರಿದ್ದು ಮಟ್ಟ. ಹಾಗೆ ಇಳಿದು ಬಂದ ನೀರಿನಲ್ಲಿ ಗಿರಿಶ್ರೇಣಿಯ ಮಳೆಯ ಜೊತೆಗೆ ಭದ್ರೆಯಿಂದ ಪಂಪುಗಳು ಎತ್ತಿ ಹರಿಸಿದ ನೀರೂ ಸೇರಿತ್ತು.

ಭದ್ರಾ ಮೇಲ್ದಂಡೆ ಯೋಜನೆ ಏತ ನೀರಾವರಿ ಯೋಜನೆ. ತುಂಗೆಯಿಂದ 17.40 ಟಿ.ಎಂ.ಸಿ. ನೀರನ್ನು ಭದ್ರೆಗೆ ಎತ್ತುವುದು, ಭದ್ರೆಯಿಂದ 29.90 ಟಿ.ಎಂ.ಸಿ. ನೀರನ್ನು ಅಜ್ಜಂಪುರದ ಸುರಂಗದತ್ತ ಎತ್ತುವುದು, ಅಲ್ಲಿಂದ ಕಾಲುವೆಗಳಲ್ಲಿ ಹರಿಸಿ ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ ಬರಡು ನೆಲಕ್ಕೆ ತಲುಪಿಸುವುದು ಅದರ ಉದ್ದೇಶ. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ, ಅಂದರೆ ಸುಮಾರು 2.83 ಕೋಟಿ ಘನ ಮೀಟರು. ಅಷ್ಟು ನೀರನ್ನು ಒಂದೇ ಒಂದು ಮೀಟರು ಎತ್ತಲು, ಯಾವ ನಷ್ಟವೂ ಇಲ್ಲವೆಂದುಕೊಂಡರೂ, ಸುಮಾರು 77,000 ಯೂನಿಟ್ ವಿದ್ಯುತ್ತು ಬೇಕು. 29.90 ಟಿ.ಎಂ.ಸಿ. ನೀರಿಗೆ ಪ್ರತಿ ಮೀಟರಿಗೂ 23 ಲಕ್ಷ ಯೂನಿಟ್! ಇದು ಪ್ರಕೃತಿ ವಿಧಿಸಿರುವ ಕನಿಷ್ಠ ಸುಂಕ. ಪಂಪಿನ, ಕೊಳವೆಯ ನಷ್ಟಗಳು ಇದರ ಮೇಲೆ ಸೇರುತ್ತವೆ.

ರೈತನ ಹೊಲದಲ್ಲಿಯೂ ಇದೇ ಸುಂಕವಿದೆ. 10 ಮೀಟರು ಆಳದ ಬಾವಿಯಿಂದ ನೀರೆತ್ತುವುದಕ್ಕಿಂತ 200 ಮೀಟರು ಆಳದ ಕೊಳವೆಬಾವಿಯಿಂದ ಅಷ್ಟೇ ನೀರೆತ್ತಲು ಇಪ್ಪತ್ತು ಪಟ್ಟು ಶಕ್ತಿ ಬೇಕು. ಅಂತರ್ಜಲ ಒಂದೊಂದು ಅಡಿ ಇಳಿದಾಗಲೂ ಈ ಲೆಕ್ಕ ಏರುತ್ತಲೇ ಹೋಗುತ್ತದೆ. ಬಿದ್ದ ಮಳೆಯನ್ನು ಕೆರೆಗಳಲ್ಲಿ ತಡೆದು ಇಂಗಿಸಿದರೆ ಅಂತರ್ಜಲ ಮೇಲೆ ಬರುತ್ತದೆ. ಎತ್ತಬೇಕಾದ ದೂರ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ.

ಆದ್ದರಿಂದ ವಿದ್ಯಾರ್ಥಿಗಳು ‘ಏರಿತು’ ಎಂಬ ವಾಕ್ಯವನ್ನು ಎಲ್ಲಿ ಕಂಡರೂ ಒಂದು ಪ್ರಶ್ನೆಯನ್ನು ಹಾಕಿಕೊಳ್ಳುವ ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು: ಇದನ್ನು ಏರಿಸಿದವರು ಯಾರು, ಅದಕ್ಕೆ ಶಕ್ತಿ ಎಲ್ಲಿಂದ ಬಂತು? ಸೂರ್ಯನ ವಿಷಯದಲ್ಲಿ ಈ ಪ್ರಶ್ನೆಯನ್ನು ಹಾಕಿದವನಿಗೆ, ಸೂರ್ಯ ಏರುವುದೇ ಇಲ್ಲ, ತಿರುಗುತ್ತಿರುವುದು ನಾವು ನಿಂತ ಭೂಮಿಯೆಂದು ತಿಳಿಯುತ್ತದೆ; ಆರ್ಯಭಟನು ಕ್ರಿ.ಶ. 499ರ ಸುಮಾರಿಗೆ ಹೇಳಿದ್ದೂ ಇದನ್ನೇ. ನೀರಿನ ವಿಷಯದಲ್ಲಿ ಇದೇ ಪ್ರಶ್ನೆಯನ್ನು ಹಾಕಿದವನಿಗೆ ಒಂದು ಕೊಡ ನೀರಿನ ನಿಜವಾದ ಬೆಲೆ ತಿಳಿಯುತ್ತದೆ.