ಗೊಮ್ಮಟಸಾರದ ಒಂದು ಮಹಾಸಂಖ್ಯೆಯೂ ಅದರ ಪಾಠಶೋಧನೆಯೂ

ಭಟ್ಕಳ, ಹೊನ್ನಾವರ, ಕುಮಟೆಗಳ ಸೀಮೆಯು ಪೂರ್ವದಲ್ಲಿ ಜೈನವಿದ್ಯೆಗೆ ಆಶ್ರಯವಾಗಿದ್ದಿತು. ಗೇರುಸೊಪ್ಪೆಯ ಚತುರ್ಮುಖ ಬಸದಿಯು ಅದಕ್ಕೆ ಇಂದಿಗೂ ಸಾಕ್ಷಿಯಾಗಿದೆ. 1604ರಲ್ಲಿ 592 ಸೂತ್ರಗಳ ‘ಕರ್ಣಾಟಕ ಶಬ್ದಾನುಶಾಸನ’ವನ್ನು ರಚಿಸಿದ ಭಟ್ಟಾಕಲಂಕನು ಭಟ್ಕಳದ ಸಮೀಪದ ಹಾಡುವಳ್ಳಿಯ ಮಠದ ಅಕಲಂಕದೇವನ ಶಿಷ್ಯನು. ಜೈನಪರಂಪರೆಯು ಅಕ್ಷರವಿದ್ಯೆಯಂತೆಯೇ ಅಂಕವಿದ್ಯೆಯನ್ನೂ ಆದರಿಸಿತು. ಇವೆರಡೂ ಒಂದೇ ಪದ್ಯದಲ್ಲಿ ಕೂಡಿರುವ ಸ್ಥಳವು ಗೊಮ್ಮಟಸಾರದ ಜೀವಕಾಂಡದಲ್ಲಿ ಉಂಟು.

ಚಾವುಂಡರಾಯನ ಕಾಲದವನಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಯು ಹತ್ತನೆಯ ಶತಮಾನದಲ್ಲಿ ಈ ಪ್ರಾಕೃತಗ್ರಂಥವನ್ನು ರಚಿಸಿದನು. ಕೇಶವವರ್ಣಿಯು 1359ರಲ್ಲಿ ಇದಕ್ಕೆ ಕನ್ನಡವೃತ್ತಿಯನ್ನು ಬರೆದನು. ಪರ್ಯಾಪ್ತ ಮನುಷ್ಯರ ಸಂಖ್ಯೆಯನ್ನು ಹೇಳುವಲ್ಲಿ ಗ್ರಂಥಕಾರನು ಎರಡರ ವರ್ಗಧಾರೆಯನ್ನು ಹಿಡಿಯುತ್ತಾನೆ. ಎರಡರ ವರ್ಗ 4, ಅದರ ವರ್ಗ 16, ಮುಂದೆ 256, 65536, ಐದನೆಯ ವರ್ಗ 4294967296, ಆರನೆಯದು 18446744073709551616. ಕಡೆಯ ಎರಡರ ಗುಣಲಬ್ಧವೇ ಉದ್ದಿಷ್ಟ ಸಂಖ್ಯೆ:

79228162514264337593543950336.

ಇದರಲ್ಲಿ 29 ಅಂಕಗಳಿವೆ. ಎರಡನ್ನು 96 ಬಾರಿ ಇಟ್ಟು ಗುಣಿಸಿದರೆ ಬರುವುದು ಇದೇ; ಆದುದರಿಂದ ಇದನ್ನು 96 ಬಾರಿ ಅರ್ಧಿಸಿದರೆ ಒಂದು ಉಳಿಯುತ್ತದೆ. ಇಂತಹ ಅರ್ಧೀಕರಣಗಳ ಎಣಿಕೆಗೆ ಜೈನಗಣಿತದಲ್ಲಿ ಅರ್ಧಚ್ಛೇದವೆಂದು ಹೆಸರು.

ಇಷ್ಟು ದೀರ್ಘವಾದ ಸಂಖ್ಯೆಯನ್ನು ಒಂದೇ ಗಾಥೆಯು ಕಟಪಯಾದಿ ಕ್ರಮದಿಂದ ಹೇಳುತ್ತದೆ. ಈ ಕ್ರಮದಲ್ಲಿ ಕಕಾರ, ಟಕಾರ, ಪಕಾರ, ಯಕಾರಗಳಿಂದ ಎಣಿಕೆಯು ಒಂದರಿಂದ ಆರಂಭವಾಗುತ್ತದೆ; ಞಕಾರ ನಕಾರಗಳು ಸೊನ್ನೆ; ವ್ಯಂಜನಕ್ಕೆ ಕೂಡಿದ ಸ್ವರಕ್ಕೆ ಬೆಲೆಯಿಲ್ಲ. ಅಂಕಗಳನ್ನು ಬಲದಿಂದ ಎಡಕ್ಕೆ ಇಡಬೇಕು. ಗಾಥೆಯ ಮೊದಲ ನಾಲ್ಕು ಅಕ್ಷರಗಳು ತ, ಲ, ಲೀ, ನ. ಅವುಗಳ ಬೆಲೆ 6, 3, 3, 0. ಸಂಖ್ಯೆಯ ಕಡೆಯ ನಾಲ್ಕು ಅಂಕಗಳು 0336 ಆಗಿರುವುದನ್ನು ಗಮನಿಸಬಹುದು.

ಇಲ್ಲಿ ಗ್ರಂಥಸಂಪಾದಕನಿಗೆ ಒಂದು ಉಪಕಾರವಿದೆ. ಓಲೆಗರಿಯ ಕನ್ನಡ ಲಿಪಿಯಲ್ಲಿ ದಕಾರ ಧಕಾರಗಳ ಭೇದವು ಒಂದು ಸಣ್ಣ ಸೀಳು ಮಾತ್ರ. ಲಿಪಿಕಾರನು ಅದನ್ನು ಬಿಟ್ಟರೆ ಒಂಬತ್ತು ಎಂಟಾಗುತ್ತದೆ. ಮೂಲಸಂಖ್ಯೆಯ ಅಂಕಗಳ ಮೊತ್ತ 127. ಒಂಬತ್ತರಿಂದ ಭಾಗಿಸಿದರೆ ಶೇಷ 1. ಎರಡನ್ನು ಆರು ಬಾರಿ ಗುಣಿಸಿ ಬಂದ 64ಕ್ಕೂ ಶೇಷ 1. 96 ಎಂಬುದು ಆರರ ಹದಿನಾರು ಮಡಿ. ಆದುದರಿಂದ ಶೇಷವು 1 ಆಗಲೇಬೇಕು. ಒಂದು ಧಕಾರವು ದಕಾರವಾದರೆ ಮೊತ್ತವು 126 ಆಗಿ ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಎರಡನ್ನೇ ಗುಣಿಸಿ ಪಡೆದ ಸಂಖ್ಯೆಯಲ್ಲಿ ಮೂರು ಅಪವರ್ತನವಾಗಿರಲಾರದು. ಪಾಠವು ಅಶುದ್ಧವೆಂದು ಒಡನೆಯೇ ತಿಳಿಯುತ್ತದೆ.

ಅಕ್ಷರಗಳು ಹಿಂದುಮುಂದಾದರೆ ಈ ಪರೀಕ್ಷೆ ಸಾಲದು, ಮೊತ್ತವು ಬದಲಾಗುವುದಿಲ್ಲವಷ್ಟೆ. ಆಗ ಹನ್ನೊಂದರ ಪರೀಕ್ಷೆಯನ್ನು ಮಾಡಬೇಕು. ಬಲದಿಂದ ವಿಷಮಸ್ಥಾನಗಳ ಮೊತ್ತ 79, ಸಮಸ್ಥಾನಗಳದು 48. ಅಂತರ 31, ಹನ್ನೊಂದರಿಂದ ಶೇಷ 9. ಎರಡರ 96ನೆಯ ಘಾತಕ್ಕೂ ಶೇಷವು ಅದೇ. ನೆರೆಹೊರೆಯ ಎರಡು ಭಿನ್ನಾಂಕಗಳು ಸ್ಥಳ ಬದಲಿಸಿದರೆ ಈ ಶೇಷವು ಕೆಡುತ್ತದೆ.

ಕಾವ್ಯದ ಪಾಠವನ್ನು ನಿರ್ಣಯಿಸುವಲ್ಲಿ ಛಂದಸ್ಸೂ ವ್ಯಾಕರಣವೂ ಪ್ರಮಾಣಗಳು. ಆದರೆ ಧಕಾರವು ದಕಾರವಾದರೂ ಛಂದಸ್ಸು ಕೆಡುವುದಿಲ್ಲ. ಅಂಕಸಂಕೇತವಾದ ಪದಗಳಲ್ಲಿ ಅರ್ಥದ ಆಧಾರವೂ ದುರ್ಬಲ. ಅಂತಹ ಸ್ಥಳದಲ್ಲಿ ನಿರ್ಣಯವನ್ನು ಹೇಳತಕ್ಕದ್ದು ಗಣಿತವೊಂದೇ. ಅಂಕಪದ್ಯಗಳನ್ನು ಮುದ್ರಿಸುವ ಮೊದಲು ಎಣಿಸಿ ನೋಡುವುದು ಪಂಡಿತನ ಕರ್ತವ್ಯದೊಳಗೇ ಸೇರಿದೆ.